ಪ್ರಸಂಗದ ನಡುವೆ ಸ್ಕೋರ್ ಎಷ್ಟು?

ಆಟದ ಮೈದಾನವನ್ನು ಚರ್ಚಿನ ಪ್ರಸಂಗಪೀಠಕ್ಕೆ ಎಳೆದು ತಂದ ಕೀರ್ತಿ ಅಪೊಸ್ತಲನಾದ ಪೌಲನಿಗೆ ಸಲ್ಲಬೇಕು. ಕೊರಿಂಥ ಪಟ್ಟಣದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯಾದ ಕ್ರೀಡಾಕೂಟ ನಡೆಯುತ್ತಿದ್ದುದರಿಂದ, ಅಲ್ಲಿನ ಸಭೆಗೆ ಪತ್ರ ಬರೆಯುವಾಗ ಓಟಗಾರನ ಶಿಸ್ತು, ಮುಷ್ಟಿಕಾಳಗದವನ ಏಟು, ಬಾಡಿಹೋಗುವ ಜಯಮಾಲೆ ಇವನ್ನೆಲ್ಲ ದೃಷ್ಟಾಂತವಾಗಿ ಬಳಸುವುದು ಅವನಿಗೆ ಸಲೀಸಾಗಿತ್ತು. ಆ ಪತ್ರವನ್ನು ಓದಿ ಮುಗಿಸಿದ ಕೊರಿಂಥದವರು ‘ಈ ಸಲ ಓಟದಲ್ಲಿ ಯಾರು ಗೆಲ್ಲಬಹುದು’ ಎಂದು ಚರ್ಚೆಗೆ ಕುಳಿತರೋ ಇಲ್ಲವೋ ಸತ್ಯವೇದದಲ್ಲಿ ದಾಖಲಾಗಿಲ್ಲ. ಮಂಗಳೂರಿನಲ್ಲಂತೂ ಹಾಗೆಯೇ ಆಗುತ್ತದೆ. ಪ್ರಸಂಗದಲ್ಲಿ ಆಟದ ದೃಷ್ಟಾಂತ ಬಂದರೆ ನಮ್ಮವರು ಆಟವನ್ನು ಮನೆಗೆ ಕೊಂಡೊಯ್ಯುತ್ತಾರೆ, ಪ್ರಸಂಗವನ್ನು ಬೆಂಚಿನ ಮೇಲೆಯೇ ಬಿಟ್ಟುಹೋಗುತ್ತಾರೆ.

ಇದರ ಹೊಣೆಯನ್ನು ನಮ್ಮ ಪೂರ್ವಿಕರಿಗೆ ಸುವಾರ್ತೆ ತಂದವರ ಮೇಲೆ ಹೊರಿಸುವಂತೆಯೂ ಇಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನಿನವರು ಮುದ್ರಣಾಲಯ, ಮಗ್ಗ, ಹಂಚಿನ ಕಾರ್ಖಾನೆ, ಕನ್ನಡದ ಮೊದಲ ಪತ್ರಿಕೆ ಎಲ್ಲವನ್ನೂ ಕೊಟ್ಟರು. ಆದರೆ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಕಡೆಯವರಾದ ಅವರಿಂದ ಕ್ರಿಕೆಟ್ ಹುಚ್ಚು ಬರುವ ಸಾಧ್ಯತೆಯೇ ಇರಲಿಲ್ಲ. ಅದನ್ನು ನಾವು ಸ್ವಂತ ಪರಿಶ್ರಮದಿಂದ ಸಂಪಾದಿಸಿಕೊಂಡೆವು.

ನಮ್ಮಲ್ಲಿ ವರ್ಷಕ್ಕೊಮ್ಮೆಯಾದರೂ ಪೀಠವೇರುವ ಕ್ರೀಡಾಪಟುವೆಂದರೆ ಎರಿಕ್ ಲಿಡ್ಡೆಲ್. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಅರ್ಹತಾ ಸುತ್ತು ಭಾನುವಾರ ಬಿತ್ತೆಂಬ ಕಾರಣಕ್ಕೆ ಓಡಲು ಒಪ್ಪದೆ, ಅದೇ ವಾರದ ಶುಕ್ರವಾರ 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದು, ಆಮೇಲೆ ಮಿಷನರಿಯಾಗಿ ಚೀನಾಕ್ಕೆ ಹೋಗಿ, 1945ರಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ತೀರಿಕೊಂಡ ಮಹನೀಯ ಅವರು. (ಹಡಗು ಹತ್ತುವಾಗಷ್ಟೇ ಅವರಿಗೆ ಭಾನುವಾರದ ಸುದ್ದಿ ಗೊತ್ತಾಯಿತೆಂಬುದು ಅವರ ಕಥೆ ಹೇಳುವ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದವರು ಹಚ್ಚಿದ ಒಗ್ಗರಣೆ, ವೇಳಾಪಟ್ಟಿ ತಿಂಗಳುಗಳ ಮೊದಲೇ ಅವರ ಕೈಯಲ್ಲಿತ್ತು. ನಮ್ಮ ಅಯ್ಯನವರುಗಳು ಮಾತ್ರ ಒಗ್ಗರಣೆ ಸಹಿತವೇ ಬಡಿಸುತ್ತಾರೆ.) ಈ ಪ್ರಸಂಗವನ್ನು ಅಪರೂಪಕ್ಕೆ ಕಿವಿಗೊಟ್ಟು ಕೇಳಿದ ನನ್ನ ತಂಗಿಯ ಮಗ, ಮಧ್ಯಾಹ್ನದ ಊಟ ಮುಗಿಸಿ, ಇನ್ನು ಮುಂದೆ ಭಾನುವಾರದ ಗಣಿತ ಟ್ಯೂಷನ್ನಿಗೆ ಹೋಗುವುದು ತನ್ನ ಮನಸ್ಸಾಕ್ಷಿಗೆ ವಿರುದ್ಧವೆಂದು ಘೋಷಿಸಿದನು. ವಿಶ್ವಾಸದ ವಿಷಯವಾದ ಕಾರಣ ತಂಗಿಗೆ ಬೈಯಲೂ ಬಾಯಿ ಬರಲಿಲ್ಲ. ಅದೇ ದಿನ ಸಂಜೆ ನೆಹರೂ ಮೈದಾನದ ಬದಿಯಲ್ಲಿ ಪ್ಯಾಡ್ ಕಟ್ಟಿಕೊಂಡು ನಿಂತಿದ್ದ ಅವನನ್ನು ಕಂಡು, ಲಿಡ್ಡೆಲ್‌ರ ಕಥೆ ಎಲ್ಲಿಗೆ ಬಂತೆಂದು ಕೇಳಿದೆ. “ಅವರು ಓಡ್ಲಿಲ್ಲ ಅಲ್ವಾ ಮಾವ? ನಾನು ಸಹ ಓಡುದಿಲ್ಲ. ನಾನು ವಿಕೆಟ್ ಕೀಪರ್” ಎಂದನು.

ಆಟದಂತೆಯೇ ಸಾರ್ವಜನಿಕ ಜೀವನವೂ ನಮ್ಮ ಅಂಗಳಕ್ಕೆ ಬರುವುದುಂಟು, ಮುಖ್ಯವಾಗಿ ಡಿಸೆಂಬರಿನಲ್ಲಿ. ಕ್ರಿಸ್ಮಸ್ ಸೌಹಾರ್ದ ಕೂಟಕ್ಕೆ ಬಂದ ರಾಜಕಾರಣಿಯೊಬ್ಬರು, ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆಂದು ನಿಮ್ಮ ಬೈಬಲಿನಲ್ಲಿಯೇ ಬರೆದಿದೆಯಲ್ಲವೇ ಎಂದು ಮೈಕಿನಲ್ಲಿ ಕೇಳಿದರು. ಬೈಬಲಿನ ಯಾವ ಪುಟದಲ್ಲಿಯೂ ಅಂಥ ವಚನವಿಲ್ಲ. ಆದರೂ ಹಿಂದಿನ ಸಾಲಿನಿಂದ ಗಟ್ಟಿಯಾಗಿ “ಆಮೆನ್” ಬಂತು. ಅದೇ ಕ್ರಿಸ್ಮಸ್ಸಿನ ವಾಲಿಬಾಲ್ ಪಂದ್ಯದ ವಿಷಯವನ್ನು ಸಂಕ್ಷೇಪವಾಗಿ ಹೇಳುವುದೇ ಮೇಲು. ಬಾಸ್ಕೆಟ್‌ಬಾಲಿನ ನೂಕುನುಗ್ಗಲು ವಯಸ್ಸಾದವರಿಗೆ ಆಗಿಬರುವುದಿಲ್ಲವೆಂದು 1895ರಲ್ಲಿ ಅಮೆರಿಕದ ವೈ.ಎಂ.ಸಿ.ಎ.ಯ ವಿಲಿಯಂ ಮಾರ್ಗನ್ ಹುಟ್ಟುಹಾಕಿದ ಸೌಮ್ಯವಾದ ಆಟವದು. ನಮ್ಮಲ್ಲಿ ‘ಮದುವೆಯಾದವರು ಮತ್ತು ಆಗದವರು’ ಪಂದ್ಯ ಮುಗಿಯುವಾಗ ಇಬ್ಬರು ಹಿರಿಯರ ಸೊಂಟ ಹಿಡಿದಿತ್ತು, ಅಂಪೈರಾಗಿದ್ದ ಖಜಾಂಚಿಯವರೊಡನೆ ಮೂರು ಮನೆಗಳವರು ಮಾತು ಬಿಟ್ಟಿದ್ದರು.

ಇಷ್ಟೆಲ್ಲ ತಿಳಿದಿದ್ದೂ ಯೌವನಸ್ಥರ ಕೂಟದಲ್ಲಿ ಕ್ರೀಡೆ ಮತ್ತು ವಿಶ್ವಾಸದ ಬಗ್ಗೆ ಮಾತನಾಡಲು ನನ್ನನ್ನು ಕರೆದಾಗ ನಾನು ಒಪ್ಪಿಕೊಂಡೆ. ಲಿಡ್ಡೆಲ್ ಹಳಬರಾದರೆಂದು ಸಿ. ಟಿ. ಸ್ಟಡ್ ಎಂಬ ಕ್ರಿಕೆಟಿಗನನ್ನು ಆರಿಸಿದೆ. ಶ್ರೀಮಂತ ಮನೆತನದ ಕೇಂಬ್ರಿಜ್ ಪದವೀಧರನಾದ ಆತ, ಆಟದ ಕೀರ್ತಿಯನ್ನು ತೊರೆದು 1885ರಲ್ಲಿ ಮಿಷನರಿಯಾಗಿ ಚೀನಾಕ್ಕೆ ಹೊರಟು, ಪಿತ್ರಾರ್ಜಿತ ಆಸ್ತಿಯನ್ನು ದಾನ ಮಾಡಿ, ಮುಂದೆ ನಮ್ಮ ಊಟಿಯಲ್ಲಿಯೂ ಸಭಾಪಾಲನೆ ನಡೆಸಿ, ಕೊನೆಗೆ ಆಫ್ರಿಕಾದ ಕಾಂಗೋದಲ್ಲಿ ಕಣ್ಣು ಮುಚ್ಚಿದ. ತ್ಯಾಗದ ವಿಷಯ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಬದುಕು ಸಿಗುವುದು ಕಷ್ಟ. ನನ್ನ ಗ್ರಹಚಾರಕ್ಕೆ, ಆತ ಆಡಿದ್ದ 1882ರ ಓವಲ್ ಟೆಸ್ಟನ್ನು ಪೀಠಿಕೆಯಾಗಿ ವಿವರಿಸಿದೆ. ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿಗೆ ಆಷಸ್ ಎಂಬ ಹೆಸರು ಬರಲು ಕಾರಣವಾದ ಆ ಪಂದ್ಯದಲ್ಲಿ ಇಂಗ್ಲೆಂಡಿಗೆ ಗೆಲ್ಲಲು ಬೇಕಾಗಿದ್ದುದು ಕೇವಲ 85 ರನ್. ಇಂಗ್ಲೆಂಡ್ 77ಕ್ಕೆ ಆಲೌಟಾಗಿ 7 ರನ್ನುಗಳಿಂದ ಸೋತಿತು. ಆ ಬೇಸಿಗೆಯಲ್ಲಿ ಅದೇ ಆಸ್ಟ್ರೇಲಿಯನ್ನರ ವಿರುದ್ಧ ಬೇರೆ ಪಂದ್ಯಗಳಲ್ಲಿ ಶತಕ ಹೊಡೆದಿದ್ದ ಸ್ಟಡ್, ಒಂದೇ ಒಂದು ಚೆಂಡನ್ನೂ ಎದುರಿಸದೆ ಸೊನ್ನೆಗೆ ಅಜೇಯನಾಗಿ ಇನ್ನೊಂದು ತುದಿಯಲ್ಲಿ ನಿಂತಿದ್ದ.

“ಅಂಕಲ್, ಸೆಂಚುರಿ ಹೊಡೆದವನನ್ನು ಹತ್ತನೇ ನಂಬ್ರಕ್ಕೆ ಕಳಿಸಿದ ಪುಣ್ಯಾತ್ಮ ಯಾರು?” ಎಂದು ಮೊದಲ ಪ್ರಶ್ನೆ ಬಂತು. ನಾಯಕ ಹಾರ್ನ್‌ಬಿ ಎಂದೆ. ಅಲ್ಲಿಂದ ಮುಂದೆ ಕೂಟವು ಹಾರ್ನ್‌ಬಿಯ ವಿಚಾರಣೆಯಾಗಿ ಮಾರ್ಪಟ್ಟಿತು. ಒಬ್ಬನು ಎಡಗೈ-ಬಲಗೈ ಜೋಡಿಯ ಪ್ರಶ್ನೆ ಎತ್ತಿದನು, ಇನ್ನೊಬ್ಬನು ಇದರಲ್ಲಿ ಸೆಲೆಕ್ಟರುಗಳ ರಾಜಕೀಯವಿದೆಯೆಂದನು, ಕಾರ್ಯದರ್ಶಿಯು ಬೋರ್ಡಿನ ಮೇಲೆ ಪರಿಷ್ಕೃತ ಬ್ಯಾಟಿಂಗ್ ಸರದಿಯನ್ನೇ ಬರೆದನು. ನಾನು ಸ್ಟಡ್‌ನನ್ನು ಚೀನಾದ ಹಡಗು ಹತ್ತಿಸಲು ಪ್ರಯತ್ನಪಟ್ಟಾಗಲೆಲ್ಲ ಅವರು ಅವನನ್ನು ಮರಳಿ ಮೂರನೆಯ ಕ್ರಮಾಂಕಕ್ಕೆ ಇಳಿಸುತ್ತಿದ್ದರು. ಮುಕ್ತಾಯದ ಪ್ರಾರ್ಥನೆ ಮಾಡಿದ ಹುಡುಗ, ತಮ್ಮ ಸ್ಥಾನವನ್ನು ತಾವೇ ಆರಿಸಿಕೊಳ್ಳಲಾಗದ ಎಲ್ಲರಿಗಾಗಿ ದೇವರಲ್ಲಿ ಬೇಡಿಕೊಂಡನು. ಆ ಒಂದು ವಾಕ್ಯ ನನ್ನ ಇಡೀ ಭಾಷಣಕ್ಕಿಂತ ಚೆನ್ನಾಗಿತ್ತೆಂದು ಒಪ್ಪಲೇಬೇಕು.

ಇನ್ನು ಜೆಪ್ಪುವಿನ ದೊಡ್ಡಮ್ಮನ ವಿಷಯ. ಕ್ರಿಕೆಟ್ ಲೋಕದ ಆಶೆಗಳಲ್ಲಿ ಒಂದೆಂದು ಜೀವಮಾನವಿಡೀ ನಂಬಿದ್ದ ಅವರು, 2025ರ ಅಕ್ಟೋಬರ್ 30ರಂದು ಬದಲಾದರು. ಮಹಿಳಾ ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಅಜೇಯ 127 ರನ್ ಹೊಡೆದ ಜೆಮಿಮಾ ರೋಡ್ರಿಗಸ್, ಸುಮ್ಮನೆ ನಿಂತರೆ ದೇವರು ತನಗಾಗಿ ಯುದ್ಧಮಾಡುವನೆಂಬ ವಚನವನ್ನು ಕೊನೆಯಲ್ಲಿ ಹೇಳಿಕೊಳ್ಳುತ್ತಿದ್ದೆನೆಂದು ಟಿವಿಯಲ್ಲಿಯೇ ಯೇಸುವಿಗೆ ಸ್ತೋತ್ರ ಹೇಳಿದ್ದರು. ಗೆದ್ದವರು ದೇವರಿಗೆ ವಂದನೆ ಹೇಳುವುದೇನೂ ಹೊಸದಲ್ಲ, ಸೋತವರ ಬಾಯಿಗೆ ಮೈಕು ಹಿಡಿಯುವವರೇ ಇಲ್ಲ ಎಂಬುದು ನನ್ನ ಹಳೆಯ ತಕರಾರು. ಆದರೆ ಆ ಹುಡುಗಿ ತನ್ನ ಆತಂಕವನ್ನೂ ಅತ್ತ ದಿನಗಳನ್ನೂ ಮುಚ್ಚಿಡದೆ ಹೇಳಿದ್ದರಿಂದ ನನ್ನ ತಕರಾರು ಅಲ್ಲಿಗೆ ಅಡಗಿತು. ದೊಡ್ಡಮ್ಮನಂತೂ ಪತ್ರಿಕೆಯಿಂದ ಜೆಮಿಮಾರ ಚಿತ್ರವನ್ನು ಕತ್ತರಿಸಿ, ಬೈಬಲಿನಲ್ಲಿ ಆ ವಚನವಿರುವ ವಿಮೋಚನಕಾಂಡದ 14ನೆಯ ಅಧ್ಯಾಯದ ನಡುವೆ ಇಟ್ಟುಕೊಂಡರು.

ನವೆಂಬರ್ 2ರ ಭಾನುವಾರ ಫೈನಲ್. ಅದೇ ಸಂಜೆ ದೊಡ್ಡಮ್ಮನ ಮನೆಯಲ್ಲಿ ಪ್ರಾರ್ಥನಾಕೂಟವೂ ಇತ್ತು. ಪಂದ್ಯ ಮೂರು ಗಂಟೆಗೆ ಆರಂಭವಾದರೆ ಮೊದಲ ಇನ್ನಿಂಗ್ಸ್ ಆರೂವರೆಯ ಹೊತ್ತಿಗೆ ಮುಗಿಯುತ್ತದೆಂದು ಲೆಕ್ಕ ಹಾಕಿ, ಪ್ರಾರ್ಥನೆಯನ್ನು ವಿರಾಮಕ್ಕೆ ಸರಿಯಾಗಿ ಕೂರಿಸಿದವರು ದೊಡ್ಡಮ್ಮನೇ. ನವಿ ಮುಂಬಯಿಯಲ್ಲಿ ಮಳೆ ಸುರಿದು ಪಂದ್ಯ ಐದಕ್ಕೆ ಶುರುವಾಯಿತು. ಟಿವಿ ಆರಿಸಿ ಕಣ್ಣು ಮುಚ್ಚಿದಾಗ ಜೆಮಿಮಾ ಕ್ರೀಸಿನಲ್ಲಿದ್ದರು. ಪಕ್ಕದ ಮನೆಯವರ ಟಿವಿ ಮಾತ್ರ ಆರಿರಲಿಲ್ಲ. ಅವರು ಚಪ್ಪಾಳೆ ತಟ್ಟಿದರೆ ಬೌಂಡರಿ, ಕುರ್ಚಿ ಸರಿದರೆ ಎಲ್‌ಬಿ ಮನವಿ ಎಂಬ ಲಿಪಿಯನ್ನು ನಾವೆಲ್ಲರೂ ಮನಸ್ಸಿನಲ್ಲೇ ಓದತೊಡಗಿದೆವು. ಪ್ರಾರ್ಥನೆ ನಡೆಸುತ್ತಿದ್ದ ಹಿರಿಯರು “ಕರ್ತನೇ, ನಿಂತವರು ಬೀಳದಂತೆ ಕಾಪಾಡು” ಎಂದು ಮುಗಿಸುವುದಕ್ಕೂ ಬೇಲಿಯಾಚೆಯಿಂದ “ಅಯ್ಯೋ, ಹೋಯ್ತು!” ಎಂಬ ಉದ್ಗಾರ ಬರುವುದಕ್ಕೂ ಸರಿಹೋಯಿತು. ಅಸ್ವಸ್ಥರಿಗಾಗಿ ಬೇಡುವ ಭಾಗ ಅಂದು ಎಂದಿಗಿಂತ ಬೇಗ ಮುಗಿಯಿತು.

ಟಿವಿ ಹಾಕಿದಾಗ ಜೆಮಿಮಾ 24ಕ್ಕೆ ಔಟಾಗಿರುವುದು ಖಚಿತವಾಯಿತು. ಗೋಳಿಬಜೆಯ ತಟ್ಟೆ ಹಿಡಿದು ಮೂಲೆಯಲ್ಲಿ ಕುಳಿತಿದ್ದ ತಂಗಿಯ ಮಗ, “ದೊಡ್ಡಜ್ಜಿ, ಲಿಡ್ಡೆಲ್ ಭಾನುವಾರ ಓಡದೆ ಇದ್ದದ್ದು ಸರಿಯಾದ್ರೆ ಜೆಮಿಮಾ ಇವತ್ತು ಆಡಿದ್ದು ಹೇಗೆ ಸರಿ?” ಎಂದು ಕೇಳಿದನು. ಹಿರಿಯರು ಚಹಾದ ಲೋಟದೊಳಗೆ ಕಣ್ಣು ನೆಟ್ಟರು. ದೊಡ್ಡಮ್ಮ ಸ್ವಲ್ಪವೂ ತಡವರಿಸಲಿಲ್ಲ.

“ಎಂತ ಸರಿ ತಪ್ಪು ಮಾರಾಯ? ಗುರುವಾರ ಇಡೀ ನಿಂತು ಆಡಿದ ಹುಡುಗಿ ಭಾನುವಾರ ಬೇಗ ಒಳಗೆ ಹೋಗಿ ಕೂತ್ಲಲ್ಲ, ಅದು ಯಾಕಂತ ಮಾಡಿದ್ದಿ?”