ಡಬಲ್ ಕಾರ್ಡ್ ಇದ್ದರೆ ಎಸೆಯಬೇಡಿ

ದಸರಾಕ್ಕೆ ಮನೆ ತೊಳೆಯುವಾಗ ಅಟ್ಟದ ಮೇಲೆ ಒಂದು ಶೂ ಡಬ್ಬಿ ಸಿಕ್ಕಿತು. ಮಗ ಐದನೇ, ಆರನೇ ಕ್ಲಾಸಲ್ಲಿದ್ದಾಗ ಕೂಡಿಸಿಟ್ಟ ಕ್ರಿಕೆಟ್ ಕಾರ್ಡುಗಳು, ಆಟಗಾರರ ಫೋಟೋ, ಕೆಲವಕ್ಕೆ ರನ್-ವಿಕೆಟ್ ಅಂಕಿಯೂ ಇರುವಂಥವು. ಕ್ರಿಕೆಟ್ ಅಟ್ಯಾಕ್ಸ್, ಟ್ರಂಪ್ ಕಾರ್ಡ್ ಎಲ್ಲ ಸೇರಿ ನಾನೂರಕ್ಕೂ ಜಾಸ್ತಿ. ನಮ್ಮ ಬಳ್ಳಾರಿ ಬಿಸಿಲಿಗೆ ಪ್ಲಾಸ್ಟಿಕ್ ಕವರ್ ಮೆತ್ತಗಾಗಿ ಕೆಲವಕ್ಕೆ ಅಂಟಿಕೊಂಡಿತ್ತು. ಬೆಂಗಳೂರಲ್ಲಿರುವ ಮಗನಿಗೆ ಫೋನ್ ಮಾಡಿದೆ. "ಹಾಕ್ಬಿಡಮ್ಮ, ನೋಡಿದೀನಿ, ಅವಕ್ಕೆ ರೇಟೇ ಇಲ್ಲ" ಅಂದ. ರದ್ದಿಯವನಿಗೆ ಕೊಟ್ಟರೆ ಅವನು ಪೇಪರ್ ಮಾತ್ರ ತೂಕಕ್ಕೆ ಹಾಕಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ಇದು ಪ್ಲಾಸ್ಟಿಕ್ ಹಚ್ಚಿದ್ದು ಅಕ್ಕಾ, ಬೇಡ."

ಹಳೇ ಕಾರ್ಡಿಗೆ ಕೋಟಿ ಬರುತ್ತಂತೆ ಅಂತ ಕೇಳಿದವರು ಇರಬಹುದು. ಅಮೆರಿಕದಲ್ಲಿ ಮಿಕ್ಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ 1952ರ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹೋಯಿತು. ಆದರೆ 1952ರಲ್ಲಿ ಮಾರಾಟವಾಗದೆ ಉಳಿದ ಕಾರ್ಡುಗಳನ್ನು ಅವನ್ನು ಅಚ್ಚು ಹಾಕಿದ ಟಾಪ್ಸ್ ಕಂಪನಿಯವರೇ 1960ರಲ್ಲಿ ಸಮುದ್ರಕ್ಕೆ ಸುರಿದಿದ್ದರು. ಉಳಿದವು ಕಡಿಮೆ, ಅದಕ್ಕೇ ಬೆಲೆ. 1980ರ ದಶಕದ ಕೊನೆಗೆ ಅಲ್ಲಿ ಜನ ಮುಂದೆ ರೇಟು ಬರುತ್ತೆ ಅಂತ ಎಲ್ಲವನ್ನೂ ಜೋಪಾನ ಮಾಡಿದರು, ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಇವತ್ತು ಅವುಗಳಲ್ಲಿ ಬಹುಪಾಲು ಕಾರ್ಡುಗಳನ್ನು ಕೇಳುವವರೇ ಇಲ್ಲ. ನಮ್ಮ ಅಟ್ಟದ ಡಬ್ಬಿಗಳ ಕಥೆಯೂ ಅಷ್ಟೇ. ಇನ್ನೂ ಹತ್ತು ವರ್ಷ ಇಟ್ಟರೂ ಗೆದ್ದಲಿಗೇ ಲಾಭ.

ನಾನು ಸಿರುಗುಪ್ಪ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ನಮ್ಮಲ್ಲಿ ಒಂದರಿಂದ ಮೂರನೇ ಕ್ಲಾಸಿಗೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು, ಕಾರ್ಡು ಹಿಡಿದೇ ಕಲಿಯುವ ಪದ್ಧತಿ. ಮಕ್ಕಳು ಕಾರ್ಡಿಗೆ ಎಷ್ಟು ಬೇಗ ಒಲಿಯುತ್ತಾರೆ ಅಂತ ಕಣ್ಣಾರೆ ಕಂಡಿದ್ದೇನೆ. ಆದರೆ ನಾಲ್ಕಕ್ಕೆ ಬಂದ ಕೂಡಲೇ ಕಾರ್ಡು ಹೋಗಿ ಬರೀ ಪುಸ್ತಕ. ನನಗೆ ಮೊದಲಿಂದಲೂ ಅದೊಂದು ಕೊರಗು. ರಜೆ ಮುಗಿದ ಮೇಲೆ ಡಬ್ಬಿಯನ್ನು ಹೊತ್ತು ಬಸ್ ಹತ್ತಿದೆ.

ಆರನೇ ಕ್ಲಾಸಿನವರಿಗೆ ಟ್ರಂಪ್ ಆಟ ಹೇಳಿಕೊಡಬೇಕಾಗಲೇ ಇಲ್ಲ. ಒಬ್ಬ ರನ್ನೋ, ಸರಾಸರಿಯೋ, ಸ್ಟ್ರೈಕ್ ರೇಟೋ ಒಂದನ್ನು ಕೂಗಬೇಕು. ಯಾರ ಕಾರ್ಡಲ್ಲಿ ಅಂಕಿ ದೊಡ್ಡದೋ ಅವನಿಗೆ ಎರಡೂ ಕಾರ್ಡು. ಒಬ್ಬನ ಕೈಲಿ 128.5 ಇತ್ತು, ಇನ್ನೊಬ್ಬನ ಕೈಲಿ 128.45. ಎರಡನೆಯವನು ಕಾರ್ಡು ಕಿತ್ತುಕೊಂಡ. "ಐದಕ್ಕಿಂತ ನಲವತ್ತೈದು ದೊಡ್ಡದಲ್ರೀ ಟೀಚರ್?" ಕಾರ್ಡು ಕಳೆದುಕೊಂಡವನೂ ತಲೆಯಾಡಿಸಿದ. ನಾನು ಅದೇ ಪಾಠವನ್ನು ಬೋರ್ಡ್ ಮೇಲೆ ಒಂದು ವಾರ ಮಾಡಿದ್ದೆ! ಎಲ್ಲರೂ ಸರಿ ಉತ್ತರ ಬರೆದಿದ್ದರು ಕೂಡ. ಸುಮ್ನೆ ನಿಂತೆ. ಹಿಂದೆ ಕೂತಿದ್ದ ಹುಡುಗಿ ಎದ್ದು ಬಂದು, "ರೂಪಾಯಿ ಅನ್ಕೊಳ್ರಿ, ಅವಂದು ಐವತ್ತು ಪೈಸೆ, ನಿಂದು ನಲವತ್ತೈದು" ಅಂದಳು. ಕಾರ್ಡು ವಾಪಸ್ ಹೋಯಿತು. ಆವತ್ತಿನಿಂದ ದಶಮಾಂಶದಲ್ಲಿ ಆ ಹುಡುಗ ತಪ್ಪಿಲ್ಲ.

ಇನ್ನೊಬ್ಬಳು ಕುಂಬ್ಳೆ ಕಾರ್ಡು ಹಿಡಿದು ಬಂದಳು. ಅತ್ಯುತ್ತಮ ಬೌಲಿಂಗ್ 6/12. "ಇದು ಅರ್ಧ ಅಲ್ರೀ?" ಎಷ್ಟು ಒಳ್ಳೆ ಪ್ರಶ್ನೆ ನೋಡಿ. 1993ರ ಹೀರೋ ಕಪ್ ಫೈನಲ್, ಈಡನ್ ಗಾರ್ಡನ್ಸ್, ವೆಸ್ಟ್ ಇಂಡೀಸ್ ಎದುರು 12 ರನ್ನಿಗೆ 6 ವಿಕೆಟ್ ಅಂತ ಹೇಳಿದೆ. ಅದೇ ಗೆರೆ ಒಂದು ಕಡೆ ಭಿನ್ನರಾಶಿ, ಇನ್ನೊಂದು ಕಡೆ ಬೇರೆ ಎರಡು ಲೆಕ್ಕ. ದ್ರಾವಿಡ್ ಬಂದಾಗ ಸರಾಸರಿ. ಟೆಸ್ಟಿನಲ್ಲಿ 13,288 ರನ್, 286 ಇನ್ನಿಂಗ್ಸ್, 32 ಸಲ ನಾಟೌಟ್. ಇನ್ನಿಂಗ್ಸಿನಲ್ಲಿ ನಾಟೌಟ್ ಕಳೆದು ಉಳಿದ 254ರಿಂದ ಭಾಗಿಸಿ 52.31 ಬಂದಾಗ ಕ್ಲಾಸೇ ಚಪ್ಪಾಳೆ ಹೊಡೆಯಿತು.

ಒಂದು ಮಾತು ಖಡಾಖಂಡಿತ ಹೇಳುತ್ತೇನೆ. ಶಾಲೆಗೆ ಕೊಡುತ್ತೇನೆ ಅಂತ ಚೀಲ ತುಂಬಿ ಬಾಗಿಲಲ್ಲಿ ಸುರಿದು ಹೋಗಬೇಡಿ. ಮೊದಲು ಟೀಚರನ್ನು ಕೇಳಿ. ಹರಿದದ್ದು, ಬೂಷ್ಟು ಹಿಡಿದದ್ದು ತೆಗೆಯಿರಿ. ಅಂಕಿ ಇರುವವು ಬೇರೆ, ಬರೀ ಫೋಟೋ ಇರುವವು ಬೇರೆ ಕಟ್ಟಿ. ಬಡ ಮಕ್ಕಳಿಗೆ ಏನಾದರೂ ನಡೆಯುತ್ತೆ ಅನ್ನೋದು ನನಗೆ ಸೇರುವುದಿಲ್ಲ.

ಮತ್ತೆ, ಡಬಲ್ ಬಂದವನ್ನು, ಅಂದರೆ ಒಂದೇ ಕಾರ್ಡು ಎರಡೆರಡು ಇದ್ದವನ್ನು, ದಯವಿಟ್ಟು ಎಸೆಯಬೇಡಿ. ಎಲ್ಲರೂ ಬೇಡ ಅನ್ನೋದು ಅವನ್ನೇ, ನಮಗೆ ಜಾಸ್ತಿ ಬೇಕಾದದ್ದೂ ಅವೇ. ಚಿಕ್ಕವರು ಬೋರಲು ಹಾಕಿ ಜೋಡಿ ಹುಡುಕುವ ಆಟ ಆಡುತ್ತಾರೆ. ಇನ್ನೊಂದು ಉಪಯೋಗ ಮಕ್ಕಳೇ ಹುಡುಕಿದ್ದು. ನವೆಂಬರ್ 2025ರಲ್ಲಿ ನಮ್ಮ ಹೆಣ್ಣುಮಕ್ಕಳು ವರ್ಲ್ಡ್ ಕಪ್ ಗೆದ್ದರಲ್ಲ, ಮರುದಿನ ಆ ಪೈಸೆ ಲೆಕ್ಕದ ಹುಡುಗಿ ಡಬ್ಬಿ ಪೂರ್ತಿ ತಡಕಾಡಿ ಕೇಳಿದಳು, "ಇದ್ರಾಗ ಹುಡುಗೀರು ಒಬ್ರೂ ಇಲ್ಲೇನ್ರೀ?"

ಒಬ್ಬರೂ ಇರಲಿಲ್ಲ. ನಾನೂರು ಕಾರ್ಡು ನೋಡಿದ್ದ ನನಗೆ ಅದು ಹೊಳೆದೇ ಇರಲಿಲ್ಲ ಅಂತ ಬೇಜಾರಾಯಿತು.

ಡಬಲ್ ಕಾರ್ಡು ತೆಗೆದು ನಾವೇ ಮಾಡಲು ಕೂತೆವು. ನುಣುಪು ಮೈಗೆ ಅಂಟು ಹಿಡಿಯಲ್ಲ, ಪೆನ್ನೂ ಜಾರುತ್ತೆ. ಅದಕ್ಕೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಫೆವಿಕಾಲ್ ಸವರಿ, ಬಿಳಿ ಹಾಳೆ ಅಂಟಿಸಿ, ರಾತ್ರಿಯೆಲ್ಲ ಪುಸ್ತಕದ ಅಡಿ ಒತ್ತಿಟ್ಟೆವು. ಮಿಥಾಲಿ ರಾಜ್, ಒನ್ ಡೇ ರನ್ 7,805. ಝೂಲನ್ ಗೋಸ್ವಾಮಿ, ಒನ್ ಡೇ ವಿಕೆಟ್ 255. ವಿಜಯಪುರದ ರಾಜೇಶ್ವರಿ ಗಾಯಕವಾಡ್ ಚಿತ್ರಕ್ಕೆ ಮೂರು ಜನ ಜಗಳವಾಡಿದರು, ನಮ್ಮ ಕಡೆಯವಳು ಅಂತ. ಮಿಥಾಲಿ ಕಾರ್ಡು ಆಟಕ್ಕೆ ಬಂದ ಮೊದಲ ದಿನವೇ ರನ್ನಿನಲ್ಲಿ ರೈನಾನನ್ನೂ ಗಂಭೀರನನ್ನೂ ಗೆದ್ದುಕೊಂಡು ಬಂತು.

ಈಗ ನಮ್ಮಲ್ಲಿ ಡಬಲ್ ಖಾಲಿ. ಬಳ್ಳಾರಿ, ಸಿರುಗುಪ್ಪ, ಕಂಪ್ಲಿ ಕಡೆ ಯಾರ ಮನೆಯಲ್ಲಾದರೂ ಇದ್ದರೆ ಇನ್‌ಬಾಕ್ಸಿಗೆ ಹೇಳಿ, ನಾನೇ ಬಂದು ತಗೊಂಡು ಹೋಗುತ್ತೇನೆ. ಸ್ಮೃತಿ, ಹರ್ಮನ್‌ಪ್ರೀತ್, ವೇದಾ ಇನ್ನೂ ಬರೆಯುವುದು ಬಾಕಿ ಇದೆ.