ಮಾವಿನಕಾಯಿ ಗೋಡಂಬಿಯಾದ ವೃತ್ತಾಂತ

ತಮ್ಮನ ಹೊಸ ಮನೆಯ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯ ನಾಲ್ಕು ಮೂಲೆಗಳಲ್ಲಿ, ಸೀರೆಯ ಅಂಚಿನಲ್ಲಿ ಕಾಣುವಂಥ ಮಾವಿನಕಾಯಿ ಇರಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಅದನ್ನು ಕಂಪ್ಯೂಟರಿನಲ್ಲಿ ನಾನೇ ಬರೆದುಕೊಡುತ್ತೇನೆಂದು ಎಲ್ಲರೆದುರು ಒಪ್ಪಿಕೊಂಡದ್ದಕ್ಕೆ ನನ್ನನ್ನು ಬಿಟ್ಟರೆ ಬೇರೆ ಯಾರೂ ಹೊಣೆಯಲ್ಲ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಂಡು, ಅದರ ಪಟ್ಟಿಯಲ್ಲಿ ಪೆನ್ನಿನ ಚಿತ್ರವೊಂದನ್ನು ಕಂಡೊಡನೆ, ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲೆಗೆ ಬಂದ ಬಹುಮಾನವನ್ನು ನೆನೆದು ಧೈರ್ಯ ತಂದುಕೊಂಡೆ.

ಅದು ಪೆನ್ನಲ್ಲವೆಂಬುದು ತಿಳಿಯಲು ಒಂದು ಸಂಜೆ ಬೇಕಾಯಿತು. ಪೆನ್ನಾಗಿದ್ದರೆ ಕೈ ಹೋದತ್ತ ಗೆರೆ ಬರಬೇಕು. ಇಲ್ಲಿ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಒತ್ತಿದರೆ ನಡುವೆ ದಾರ ಬಿಗಿದಂತೆ ನೇರ ಗೆರೆ ಬರುತ್ತದೆ. ಗೆರೆ ಬಾಗಬೇಕೆಂದರೆ ಮೌಸನ್ನು ಒತ್ತಿ ಹಿಡಿದು ಎಳೆಯಬೇಕು. ಆಗ ಆ ಬಿಂದುವಿನಿಂದ, ಅಂದರೆ ನೋಡ್‌ನಿಂದ, ಎರಡೂ ಬದಿಗೆ ಮಿಡತೆಯ ಮೀಸೆಯಂತೆ ಎರಡು ಹ್ಯಾಂಡಲ್‌ಗಳು ಹೊರಡುತ್ತವೆ. ಗೆರೆಯು ಹ್ಯಾಂಡಲ್ ತೋರಿಸಿದ ದಿಕ್ಕಿನಲ್ಲಿ ಹೊರಡುತ್ತದೆ, ಆದರೆ ಅದರ ತುದಿಯವರೆಗೆ ಹೋಗದೆ, ಕರೆದ ಮನೆಯ ಮುಂದೆಯೇ ಹಾದರೂ ಒಳಗೆ ಬಾರದ ನೆಂಟನಂತೆ ಅತ್ತ ವಾಲಿ ಮುಂದೆ ಸಾಗುತ್ತದೆ. ಹಿಂದೆ ಕುಳಿತು ನೋಡುತ್ತಿದ್ದ ಅಮ್ಮ, "ಚುಕ್ಕಿ ಮುಟ್ಟದೆ ಬಳಸಿಕೊಂಡು ಹೋಗೋ ಎಳೆ ರಂಗೋಲಿ ಇದ್ದ ಹಾಗೆ ಕಣೋ, ಅದರಲ್ಲೇನಿದೆ?" ಎಂದರು.

ಈ ಗೆರೆಯ ಹಿಂದಿರುವ ಗಣಿತ ಹುಟ್ಟಿದ್ದು ಫ್ರಾನ್ಸಿನ ಕಾರು ತಯಾರಿಕೆಯಲ್ಲಿ. ಸಿಟ್ರೊಯೆನ್ ಕಂಪನಿಯಲ್ಲಿದ್ದ ಪಾಲ್ ದ ಕಾಸ್ಟೆಲ್ಜೋ 1959ರಲ್ಲಿಯೇ ಇದನ್ನು ಕಂಡುಕೊಂಡಿದ್ದರೂ ಕಂಪನಿ ಅದನ್ನು ಗುಟ್ಟಾಗಿಟ್ಟುಕೊಂಡದ್ದರಿಂದ, 1960ರ ದಶಕದಲ್ಲಿ ರೆನೊ ಕಂಪನಿಯ ಎಂಜಿನಿಯರ್ ಪಿಯೇರ್ ಬೆಜಿಯೇ ಸ್ವತಂತ್ರವಾಗಿ ರೂಪಿಸಿ ಪ್ರಕಟಿಸಿದ ಮೇಲೆ, ಅವರ ಹೆಸರೇ ನಿಂತುಹೋಯಿತು. ಕಾರಿನ ಉಕ್ಕಿನ ಮೈಯನ್ನೇ ಬಾಗಿಸಿದ ವಿದ್ಯೆ ನನ್ನ ಮಾವಿನಕಾಯಿಗೆ ಮಾತ್ರ ಬಾಗಲಿಲ್ಲ. ಕಾಯಿಯ ಹೊಟ್ಟೆಯನ್ನು ಹೇಗೋ ಉಬ್ಬಿಸಿ ಮೂತಿಯ ಬಳಿ ಬಂದರೆ, ಮೊನೆಯಾಗಬೇಕಾದ ಜಾಗದಲ್ಲಿ ಗೆರೆ ಬಸ್ಸಿನಂತೆ ಅಗಲವಾಗಿ ತಿರುಗಿಕೊಳ್ಳುತ್ತಿತ್ತು. ಎಳೆದು ಮಾಡಿದ ನೋಡ್‌ನ ಎರಡು ಹ್ಯಾಂಡಲ್‌ಗಳೂ ಒಂದೇ ನೇರದಲ್ಲಿರುತ್ತವೆಂದೂ, ಮೊನೆ ಬೇಕಾದರೆ ಆ ನೋಡ್ ಅನ್ನು ಆರಿಸಿ ಶಿಫ್ಟ್ ಮತ್ತು ಸಿ ಒತ್ತಿ ಅವುಗಳ ಜೊತೆಯನ್ನು ಬಿಡಿಸಬೇಕೆಂದೂ ನನಗೆ ಆಗ ಗೊತ್ತಿರಲಿಲ್ಲ.

ಎರಡನೆಯ ಸಂಜೆ ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಬರೆದ ಗೆರೆ ಇನ್ನೇನು ಮುಗಿಯಿತೆನ್ನುವಾಗ, ಪೆನ್ನನ್ನು ಕೆಳಗಿಡುವ ಉದ್ದೇಶದಿಂದ ಎಸ್ಕೇಪ್ ಕೀಲಿಯನ್ನು ಒತ್ತಿದೆ. ಮುಗಿಸುವುದಕ್ಕೆ ಒತ್ತಬೇಕಾದದ್ದು ಎಂಟರ್; ಎಸ್ಕೇಪ್ ಎಂದರೆ ಬರೆಯುತ್ತಿರುವುದು ಬೇಡವೆಂದು ಅರ್ಥ. ಕಾಯಿ ತೊಟ್ಟು ಕಳಚಿದಂತೆ ಮಾಯವಾಯಿತು. ಅಮ್ಮ ಏನೂ ಹೇಳದೆ ಕಾಫಿ ತಂದಿಟ್ಟರು; ಹೇಳಿದ್ದರೇ ಚೆನ್ನಾಗಿತ್ತು.

ಮೂರನೆಯ ಸಂಜೆ ಹೆಜ್ಜೆಗೊಂದು ನೋಡ್ ಇಟ್ಟುಕೊಂಡು ಹೋದೆ. ಒಟ್ಟು 63 ಆದವು. ದೂರದಿಂದ ಮಾವಿನಕಾಯಿಯೇ, ಹಿಗ್ಗಿಸಿ ನೋಡಿದರೆ ಹಲಸಿನಕಾಯಿಯ ಸಿಪ್ಪೆ. ನೋಡ್‌ಗಳನ್ನು ಕಡಿಮೆ ಮಾಡಿ ಗೆರೆಯನ್ನು ನಯಗೊಳಿಸಲು ಕಂಟ್ರೋಲ್ ಮತ್ತು ಎಲ್ ಒತ್ತಬೇಕೆಂದು ಓದಿದ್ದೆನಾದ್ದರಿಂದ, ನೀರು ಬಾರದ ನಲ್ಲಿಯನ್ನು ತಿರುಗಿಸುವವನಂತೆ ಅದನ್ನು ಬಿಡುವಿಲ್ಲದೆ ಒತ್ತಿದೆ. ಹಾಗೆ ಬೆನ್ನುಬೆನ್ನಿಗೆ ಒತ್ತಿದರೆ ಪ್ರತಿ ಬಾರಿಯೂ ಅದು ಇನ್ನಷ್ಟು ಬಿರುಸಿನಿಂದ ಕೆಲಸ ಮಾಡುತ್ತದೆಂಬ ಸಾಲನ್ನು ನಾನು ಓದಿರಲಿಲ್ಲ. ಮೂತಿ ಕರಗಿತು, ಹೊಟ್ಟೆ ಇಳಿಯಿತು, ಬೆನ್ನು ಗೂನಾಯಿತು. ಉಳಿದದ್ದು ಬಹಳ ನಯವಾಗಿತ್ತೆಂಬುದನ್ನು ಮಾತ್ರ ಅಲ್ಲಗಳೆಯಲಾಗದು. ಮುದ್ರಣಕ್ಕೆ ಕೊಡುವ ಗಡುವು ಅಂದೇ ಇದ್ದುದರಿಂದ ಅದನ್ನೇ ಕಳಿಸಿದೆ.

ಪತ್ರಿಕೆ ಹಂಚಿದ ವಾರದಲ್ಲೇ ಪುತ್ತೂರಿನ ಚಿಕ್ಕಪ್ಪ ತಮ್ಮನಿಗೆ ಫೋನ್ ಮಾಡಿ, ಮನೆಯ ಜೊತೆಗೆ ಗೋಡಂಬಿ ಕಾರ್ಖಾನೆಯನ್ನೂ ಆರಂಭಿಸುತ್ತಿದ್ದಾನೆಯೇ ಎಂದು ಅಕ್ಕರೆಯಿಂದ ವಿಚಾರಿಸಿದರು. ನಿಖರವಾದ ವೃತ್ತವನ್ನು ಬರೆಯಲು ಬೆಜಿಯೇ ರೇಖೆಗೂ ಸಾಧ್ಯವಿಲ್ಲ, ನಾಲ್ಕು ತುಂಡುಗಳನ್ನು ಜೋಡಿಸಿದರೂ ತ್ರಿಜ್ಯದ ಹತ್ತು ಸಾವಿರದಲ್ಲಿ ಸುಮಾರು ಮೂರು ಪಾಲಿನಷ್ಟು ತಪ್ಪು ಉಳಿದೇ ಉಳಿಯುತ್ತದೆ ಎಂದು ನಾನು ತಮ್ಮನಿಗೆ ವಿವರಿಸಿದೆ. "ನಿನ್ನದು ಅದಕ್ಕಿಂತ ಸ್ವಲ್ಪ ಜಾಸ್ತಿ ಆಗಿದೆ ಅಣ್ಣಾ" ಎಂದನು.

ಗೃಹಪ್ರವೇಶದ ಮುಂಜಾನೆ ಹೊಸ ಹೊಸ್ತಿಲ ಮುಂದೆ ಅಮ್ಮ ರಂಗೋಲಿ ಪುಡಿಯಲ್ಲಿ ಒಂದೇ ಎಳೆಗೆ ಮಾವಿನಕಾಯಿ ಹಾಕಿದರು. ಹೊಟ್ಟೆ ಹೊಟ್ಟೆಯ ಜಾಗದಲ್ಲಿ, ಮೂತಿ ಮೂತಿಯ ಜಾಗದಲ್ಲಿ. ಅದರ ಫೋಟೋ ತೆಗೆದುಕೊಂಡು ಬಂದು ಇಂಕ್‌ಸ್ಕೇಪಿನಲ್ಲಿ ಅಡಿಗಿಟ್ಟು, ಗೆರೆ ತಿರುಗುವ ಕಡೆಗಳಲ್ಲಿ ಮಾತ್ರ ನೋಡ್ ಇಟ್ಟು, ಮೂತಿಯಲ್ಲಿ ಮೊನೆ ಮಾಡಿ, ತಪ್ಪದೆ ಎಂಟರ್ ಒತ್ತಿದೆ. ಐದೇ ನೋಡ್‌ಗಳಲ್ಲಿ ಅಚ್ಚುಕಟ್ಟಾದ ಮಾವಿನಕಾಯಿ ಬಂದಿದೆ. ಗೃಹಪ್ರವೇಶವಾಗಿ ಇಂದಿಗೆ ಹನ್ನೆರಡು ದಿನ.