ಚಿಕ್ಕಮ್ಮನ ಬಗ್ಗೆ ಕೇಳಿದ ಪ್ರಶ್ನೆ

ನಮ್ಮ ಚಿಕ್ಕಮ್ಮ ತೀರಿಕೊಂಡು ಈ ಹುತ್ತರಿಗೆ ನಾಲ್ಕು ವರ್ಷ. ಅವರಿಗೆ ಬಂದದ್ದು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಕೇಳಿದವರಿಗೆಲ್ಲ "ಹೊಟ್ಟೆಯಲ್ಲಿ ಗಡ್ಡೆ" ಎಂದೇ ಹೇಳಿದೆವು. ಇವತ್ತು ಅವರ ಮಗಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಕೊಡಗಿನ ಮಾದಾಪುರದ ಕಡೆ ನಮ್ಮದು ಸಣ್ಣ ಅರೇಬಿಕಾ ಕಾಫಿ ತೋಟ. ಗಿಡದ ಕಾಂಡ ಕೊರೆಯುವ ಬೋರರ್ ಹುಳ ಹುಡುಕುವುದರಲ್ಲಿ ಚಿಕ್ಕಮ್ಮನನ್ನು ಮೀರಿಸುವವರು ಇರಲಿಲ್ಲ. ತೋಟ ಇರುವವರಿಗೆ ಗೊತ್ತು, ಕಾಂಡಕೊರಕ ಹೊಕ್ಕ ಗಿಡ ಮೇಲಿನಿಂದ ಹಸಿರಾಗಿಯೇ ಇರುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಹುಳ ಒಳಗೆಲ್ಲ ಸುರಂಗ ಮಾಡಿ ಮುಗಿಸಿರುತ್ತದೆ. ಚಿಕ್ಕಮ್ಮ ಕುಕ್ಕರಗಾಲಿನಲ್ಲಿ ಕುಳಿತು ಕಾಂಡದ ಮೇಲೆ ಹೆಬ್ಬೆರಳು ಎಳೆಯುತ್ತಿದ್ದರು. ತೊಗಟೆಯ ಮೇಲೆ ಸಣ್ಣ ಉಬ್ಬುಗೆರೆ ಬೆರಳಿಗೆ ತಾಗಿದರೆ ಸಾಕು, "ಇದನ್ನು ಕಿತ್ತು ಸುಡು" ಎನ್ನುತ್ತಿದ್ದರು. ಅಂಥವರು ಮುಟ್ಟು ನಿಂತು ಆರು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಾಗ ಯಾರಿಗೂ ಹೇಳಲಿಲ್ಲ. ಬೆಳಗಿನ ಜಾವ ಎದ್ದು ಬಟ್ಟೆ ಒಗೆದು, ಕಾಣದ ಹಾಗೆ ಹಿತ್ತಲಲ್ಲಿ ಒಣಗಿಸಿದರು. ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ತೋರಿಸಿದರಾಯಿತು ಎಂದುಕೊಂಡಿದ್ದರಂತೆ. ಕುಶಾಲನಗರ ದಾಟಿ ಮೈಸೂರಿಗೆ ಕರೆದುಕೊಂಡು ಹೋದಾಗ ಕಾಯಿಲೆ ಮೂರನೇ ಹಂತದಲ್ಲಿತ್ತು.

ರೇಡಿಯೇಷನ್ ಮುಗಿಸಿ ಮನೆಗೆ ಬಂದಿದ್ದಾಗ ನೋಡಲು ಬಂದ ನೆಂಟರೊಬ್ಬರು ಅಡುಗೆಮನೆಯಲ್ಲಿ ನನ್ನನ್ನು ತಡೆದು ಕೇಳಿದರು: "ಅದು ಗಂಡಸರ ಸಹವಾಸದಿಂದ ಬರುವುದಂತೆ, ಹೌದಾ?" ಪಕ್ಕದ ಕೋಣೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಚಿಕ್ಕಮ್ಮನಿಗೆ ಕೇಳಿಸಿತ್ತು. ಆಮೇಲೆ ಯಾರು ಬಂದರೂ ಅವರು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಕಾಯಿಲೆಯ ನೋವಿಗಿಂತ ಆ ಒಂದು ಮಾತು ಅವರನ್ನು ಹೆಚ್ಚು ತಿಂದಿತು ಎಂದು ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಅದೇ ವರ್ಷ ನಮ್ಮ ಊರಿನ ಹಿರಿಯರೊಬ್ಬರಿಗೆ ಗಡ್ಡ ಬೋಳಿಸಿಕೊಳ್ಳುವಾಗ ಕುತ್ತಿಗೆಯ ಬದಿಯಲ್ಲಿ ಗಂಟು ಕೈಗೆ ಸಿಕ್ಕಿತು. ಟಾನ್ಸಿಲ್‌ನ ಕ್ಯಾನ್ಸರ್. ಬೀಡಿ ಸೇದಿದವರಲ್ಲ, ಎಲೆಅಡಿಕೆಯನ್ನೂ ಮುಟ್ಟಿದವರಲ್ಲ. ಜನ ಕಿತ್ತಳೆ ಹಿಡಿದುಕೊಂಡು ಹೋಗಿ "ಪಾಪ, ಒಳ್ಳೆಯವರಿಗೇ ಹೀಗಾಗುತ್ತದೆ" ಎಂದು ಮರುಗಿದರು. ಗುಣವಾದ ಮೇಲೆ ಅವರೇ ನನಗೆ ವರದಿ ತೋರಿಸಿದರು. ಅದರಲ್ಲಿದ್ದದ್ದು ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್‌ನ ಗುರುತು. ಚಿಕ್ಕಮ್ಮನನ್ನು ಕೊಂದ ಕಾಯಿಲೆಯ ಹಿಂದೆ ಇದ್ದದ್ದೂ ಅದೇ ವೈರಸ್. ಆ ಹಿರಿಯರ ನಡತೆಯ ಬಗ್ಗೆ ಯಾರೂ ಪಿಸುಗುಟ್ಟಲಿಲ್ಲ. ಪಿಸುಗುಟ್ಟಬೇಕಿತ್ತು ಎನ್ನುತ್ತಿಲ್ಲ. ಅವರಿಗೆ ಸಿಕ್ಕ ಮರುಕ ನಮ್ಮ ಚಿಕ್ಕಮ್ಮನಿಗೂ ಸಿಗಬೇಕಿತ್ತು.

ನೆಂಟರ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡುತ್ತೇನೆ. ಹೌದು, ಎಚ್‌ಪಿವಿ ಹೆಚ್ಚಾಗಿ ದಾಂಪತ್ಯದ, ಮೈ ಸಂಬಂಧದ ಮೂಲಕವೇ ಹರಡುತ್ತದೆ. ಆದರೆ ಅದು ಎಷ್ಟು ಸಾಮಾನ್ಯವೆಂದರೆ, ಸಂಸಾರ ಮಾಡಿದ ಬಹುಪಾಲು ಹೆಂಗಸರಿಗೂ ಗಂಡಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ. ಒಬ್ಬನೇ ಗಂಡನೊಂದಿಗೆ ಬಾಳಿದವಳಿಗೂ ಬರುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಸೋಂಕು ಒಂದೆರಡು ವರ್ಷಗಳಲ್ಲಿ ಗೊತ್ತೇ ಆಗದೆ ಹೋಗಿಬಿಡುತ್ತದೆ. ಹೋಗದೆ ಉಳಿದದ್ದು ಜೀವಕೋಶದೊಳಗೆ ಸೇರಿಕೊಂಡು, ಕೋಶ ಅಡ್ಡಾದಿಡ್ಡಿ ಬೆಳೆಯದಂತೆ ಕಾಯುವ ಪ್ರೋಟೀನುಗಳನ್ನೇ ಕೆಲಸ ಮಾಡದಂತೆ ಕಟ್ಟಿಹಾಕುತ್ತದೆ. ಅಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಬೇಕು. ಅಷ್ಟು ಹಿಂದಿನ ಸೋಂಕು ಯಾವಾಗ, ಯಾರಿಂದ ಬಂತು ಎಂದು ಯಾವ ವೈದ್ಯರೂ ಹೇಳಲಾರರು. ನೆಂಟರು ಹೇಗೆ ಹೇಳುತ್ತಾರೆ?

ಈ ವೈರಸ್‌ಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡ 70ಕ್ಕೆ 16 ಮತ್ತು 18ನೆಯ ಬಗೆಗಳೇ ಕಾರಣ. ಈ ಎರಡು ಬಗೆಗಳನ್ನು ಜರ್ಮನಿಯ ವಿಜ್ಞಾನಿ ಹಾರಾಲ್ಡ್ ಜುರ್ ಹೌಸೆನ್ 1980ರ ದಶಕದ ಆರಂಭದಲ್ಲಿ ಪತ್ತೆ ಮಾಡಿದರು, 2008ರಲ್ಲಿ ಅವರಿಗೆ ನೊಬೆಲ್ ಬಂತು. ಗಂಟಲಲ್ಲಿ, ಅಂದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ, ಕಾಡುವುದು ಹೆಚ್ಚಾಗಿ 16ನೆಯದು. ಅಮೆರಿಕದಲ್ಲಿ ಆ ಭಾಗದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡ 70ರ ಹಿಂದೆ ಎಚ್‌ಪಿವಿ ಇದೆ. ನಮ್ಮಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಈಗಲೂ ಹೊಗೆಸೊಪ್ಪು, ಅಡಿಕೆ, ಬೀಡಿಗಳೇ ದೊಡ್ಡ ಕಾರಣ. ಹಾಗೆಂದು ಇವು ಯಾವುದನ್ನೂ ಮುಟ್ಟದವರು ಕುತ್ತಿಗೆಯ ಗಂಟನ್ನು ಕಡೆಗಣಿಸಬಾರದು.

2022ರ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಲಸಿಕೆ ಇರುವ, ಮೊದಲೇ ಪತ್ತೆ ಮಾಡಬಹುದಾದ ಕಾಯಿಲೆಗೆ! ಪುಣೆಯಲ್ಲಿ ತಯಾರಾಗುವ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆ 2023ರಲ್ಲಿ ಬಂದ ಮೇಲೆ ವಿದೇಶಿ ಲಸಿಕೆಯೊಂದನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ. ಒಂಬತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ, ವೈರಸ್ ತಗಲುವ ಮುನ್ನ ಹಾಕಿಸಿದರೆ ಪ್ರಯೋಜನ ಹೆಚ್ಚು. ಇಲ್ಲೇ ತಾಯಂದಿರು ಹಿಂಜರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಅಷ್ಟು ಚಿಕ್ಕ ಹುಡುಗಿಗೆ ಅಂಥ ಲಸಿಕೆಯಾ?" ಎನ್ನುತ್ತಾರೆ. ಹುಟ್ಟಿದ ಕೂಸಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತೇವೆ. ಅದೂ ಮೈ ಸಂಬಂಧದಿಂದ ಹರಡುವ ವೈರಸ್ಸೇ. ಅಲ್ಲಿ ಇಲ್ಲದ ನಾಚಿಕೆ ಇಲ್ಲಿ ಎಲ್ಲಿಂದ ಬಂತು? ಆಂಧ್ರ ಮತ್ತು ಗುಜರಾತಿನಲ್ಲಿ 2010ರಲ್ಲಿ ಈ ಲಸಿಕೆಯ ಯೋಜನೆಯೊಂದು ಕೆಲವು ಹುಡುಗಿಯರ ಸಾವಿನ ಬಳಿಕ ನಿಂತುಹೋದದ್ದನ್ನು ನೆನಪಿಸುವವರೂ ಇದ್ದಾರೆ. ಅಲ್ಲಿ ಒಪ್ಪಿಗೆ ಪಡೆದ ರೀತಿಯಲ್ಲಿ ತಪ್ಪುಗಳಾಗಿದ್ದವು, ಅದನ್ನು ಮುಚ್ಚಿಡಬೇಕಿಲ್ಲ. ಆ ಹುಡುಗಿಯರ ಸಾವಿಗೆ ಲಸಿಕೆ ಕಾರಣ ಎಂದು ಮಾತ್ರ ತನಿಖೆಯಲ್ಲಿ ಕಂಡುಬರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಹನ್ನೆರಡು ಹದಿಮೂರನೇ ವಯಸ್ಸಿಗೆ ಲಸಿಕೆ ಪಡೆದ ಹುಡುಗಿಯರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿಲ್ಲವೆಂದು 2024ರಲ್ಲಿ ವರದಿಯಾಯಿತು. ಆಸ್ಟ್ರೇಲಿಯಾದಲ್ಲಿ 2013ರಿಂದ ಗಂಡುಮಕ್ಕಳಿಗೂ ಕೊಡುತ್ತಿದ್ದಾರೆ. ನನ್ನನ್ನು ಕೇಳಿದರೆ ನಮ್ಮ ಹುಡುಗರಿಗೂ ಹಾಕಿಸಬೇಕು.

ನಮ್ಮ ವಯಸ್ಸಿನವರಿಗೆ ಉಳಿದಿರುವುದು ತಪಾಸಣೆ. ಕಳೆದ ಬೇಸಿಗೆಯಲ್ಲಿ ಚಿಕ್ಕಮ್ಮನ ಮಗಳನ್ನೂ ನಮ್ಮ ತೋಟದ ಕೆಲಸದವರ ಲೈನ್ ಮನೆಯ ಮೂವರು ಹೆಂಗಸರನ್ನೂ ಕರೆದುಕೊಂಡು ಹೋಗಿದ್ದೆ. ಒಳಗೆ ಹೋಗುವ ಮುಂಚೆ ಒಬ್ಬಾಕೆ ಕೇಳಿದ್ದು ಒಂದೇ, "ಅಕ್ಕಾ, ಬಾಗಿಲು ಹಾಕುತ್ತಾರಲ್ಲವಾ?" ಬಾಗಿಲು ಹಾಕಿದರು, ಪರದೆಯನ್ನೂ ಎಳೆದರು. ನರ್ಸ್ ಹತ್ತಿಯನ್ನು ತೆಳು ಮಾಡಿದ ಅಸಿಟಿಕ್ ಆಮ್ಲದಲ್ಲಿ ಅದ್ದಿ ಗರ್ಭಕಂಠಕ್ಕೆ ಒತ್ತಿ, ಒಂದು ನಿಮಿಷ ಕಾದು ನೋಡುತ್ತಾರೆ. ಬದಲಾದ ಕೋಶಗಳಿದ್ದರೆ ಆ ಜಾಗ ಬೆಳ್ಳಗಾಗುತ್ತದೆ. ವಿನೆಗರ್‌ನ ವಾಸನೆ, ಸ್ವಲ್ಪ ಉರಿ, ಅಷ್ಟೇ. ಬಿಳಿ ಕಂಡರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ಆ ಹಂತದಲ್ಲಿ ಅದನ್ನು ಸುಟ್ಟು ಇಲ್ಲವೇ ಹೆಪ್ಪುಗಟ್ಟಿಸಿ ತೆಗೆದರೆ ಕ್ಯಾನ್ಸರ್ ಆಗುವುದನ್ನೇ ತಪ್ಪಿಸಬಹುದು. ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ನಾಲ್ವರಲ್ಲಿ ಒಬ್ಬರಿಗೆ ಬೆಳ್ಳಗೆ ಕಂಡಿತು. ಮುಂದಿನ ಪರೀಕ್ಷೆಯಾಗಿ, ಚಿಕಿತ್ಸೆ ಪಡೆದು, ಈಗ ಎಂದಿನಂತೆ ಕೆಲಸಕ್ಕೆ ಬರುತ್ತಿದ್ದಾರೆ. ಚಿಕ್ಕಮ್ಮನ ಮಗಳಿಗೆ ಏನೂ ಇರಲಿಲ್ಲ. ಬಸ್ಸಿನಲ್ಲಿ ಕುಳಿತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೊಬೈಲ್ ತೆಗೆದು ನಾದಿನಿಗೆ ಫೋನ್ ಮಾಡಿ, ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡೆ. ಐದು ನಿಮಿಷದ ಕೆಲಸ. ಸೋಮವಾರ ನೀನೂ ಬಾ, ನಾನೇ ಜೊತೆಗೆ ಬರುತ್ತೇನೆ."